ನಾಳೆಯ ಯುದ್ಧದ ನೆನಪು

ಸಮುದ್ರ ದಂಡೆಯಲ್ಲಿ ಸತ್ತ ಸೈನಿಕ ಹಿಂದಿನ ದಿನಕ್ಕೆ ಎದ್ದು ಕೂರುತ್ತಾನೆ. ಮತ್ತೆ ಅದೇ ಬೈಗುಳ, ಅದೇ ವಿಮಾನ, ಅದೇ ಮರಳು, ಅದೇ ಸಾವು. 2014ರಲ್ಲಿ ತೆರೆಕಂಡ ‘ಎಡ್ಜ್ ಆಫ್ ಟುಮಾರೋ’ ಚಿತ್ರದ ಕಥೆಯನ್ನು ಇಷ್ಟರಲ್ಲೇ ಹೇಳಿಬಿಡಬಹುದು. ನಿರ್ದೇಶಕ ಡಗ್ ಲೀಮನ್. ಮೂಲ, ಹಿರೋಶಿ ಸಕುರಜಾಕ 2004ರಲ್ಲಿ ಬರೆದ ಜಪಾನಿ ಕಾದಂಬರಿ. ಬೇರೊಂದು ಲೋಕದಿಂದ ಬಂದ ‘ಮಿಮಿಕ್’ಗಳು ಯುರೋಪನ್ನು ನುಂಗುತ್ತಿರುವಾಗ, ಟೀವಿಯಲ್ಲಿ ವೀರಾವೇಶದ ಮಾತಾಡಿಕೊಂಡು ತಾನು ಮಾತ್ರ ಯುದ್ಧದಿಂದ ದೂರವಿದ್ದ ಮೇಜರ್ ಕೇಜ್‌ನನ್ನು ಫ್ರಾನ್ಸಿನ ದಂಡೆಗೆ ದಬ್ಬುತ್ತಾರೆ. ನಿಮಿಷಗಳಲ್ಲಿ ಅವನ ಕಥೆ ಮುಗಿಯುತ್ತದೆ. ಆದರೆ ಸಾಯುವ ಮುಂಚೆ ಶತ್ರುಗಳಲ್ಲೇ ವಿರಳವಾದ ಒಂದನ್ನು ಕೊಂದಿರುತ್ತಾನೆ, ಅದರ ರಕ್ತ ಅವನ ಮೈಮೇಲೆ ಸುರಿದಿರುತ್ತದೆ. ಸೋತ ದಿನವನ್ನು ಅಳಿಸಿ ಮೊದಲಿನಿಂದ ಆಡುವ ಶತ್ರುವಿನ ಶಕ್ತಿ ಆ ರಕ್ತದ ಜೊತೆ ಅವನಿಗೂ ಬಂದುಬಿಡುತ್ತದೆ. ಅಲ್ಲಿಂದಾಚೆ ಸಾವೇ ಅವನ ಪಾಠಶಾಲೆ. ಹಾಲಿವುಡ್ಡಿನದೇ ಆಗಲಿ, 2024ರಲ್ಲಿ ಕನ್ನಡದಲ್ಲಿ ಬಂದ ‘ಬ್ಲಿಂಕ್’ ಆಗಲಿ, ಕಾಲಯಾನದ ಚಿತ್ರ ಎಂದಕೂಡಲೇ ಅದನ್ನು ಭೌತವಿಜ್ಞಾನಿಯ ಮೇಜಿನ ಮೇಲಿಟ್ಟು ‘ಇದು ಸಾಧ್ಯವೇ?’ ಎಂದು ಕೇಳುವುದು ರೂಢಿ. ಈ ಚಿತ್ರವನ್ನು ಒಯ್ಯಬೇಕಾದ್ದು ಜೀವವಿಜ್ಞಾನಿಯ ಬಳಿಗೆ ಎಂಬುದು ಈ ಅಧ್ಯಾಯದ ವಾದ. ಭೌತವಿಜ್ಞಾನದಲ್ಲಿ ಪೂರಾ ಫೇಲಾಗುವ ಈ ಕಥೆ, ನಮ್ಮ ದೇಹ ಶತ್ರುವನ್ನು ಹೇಗೆ ಎದುರಿಸುತ್ತದೆ ಎಂಬುದರ ವರ್ಣನೆಯಾಗಿ ಬೆರಗಾಗುವಷ್ಟು ಸರಿಯಾಗಿದೆ. ಇಂಥ ಯುದ್ಧವೊಂದು ನಿಜವಾಗಿ ನಡೆದ ಊರನ್ನು ನೋಡಲು ಫ್ರಾನ್ಸಿಗೆ ಹೋಗಬೇಕಿಲ್ಲ. ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿಗಳ ನೇರ ರಸ್ತೆಗಳಲ್ಲಿ ಒಂದು ಸುತ್ತು ಹಾಕಿದರೆ ಸಾಕು.

ಮೊದಲು ಫೇಲಾಗುವ ಪರೀಕ್ಷೆಯನ್ನೇ ನೋಡೋಣ. ಮುಂದಕ್ಕೆ ಹೋಗುವ ಕಾಲಯಾನಕ್ಕೆ ಪ್ರಕೃತಿಯ ಅಡ್ಡಿಯೇನಿಲ್ಲ. ವಿಶ್ವಕಿರಣಗಳು ವಾತಾವರಣದ ಮೇಲ್ಪದರಕ್ಕೆ ಬಡಿದಾಗ ಹುಟ್ಟುವ ಮ್ಯೂಆನ್ ಎಂಬ ಕಣದ ಸರಾಸರಿ ಆಯುಷ್ಯ ಒಂದು ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ ಎರಡೇ ಭಾಗ, ಚೂರು ಹೆಚ್ಚು. ಬೆಳಕಿನ ವೇಗದಲ್ಲಿ ಓಡಿದರೂ ಅಷ್ಟರಲ್ಲಿ 660 ಮೀಟರಿಗಿಂತ ದೂರ ಹೋಗಲಾಗದು. ಆದರೂ ಹತ್ತು ಹದಿನೈದು ಕಿಲೋಮೀಟರ್ ಮೇಲಿನಿಂದ ಅವು ನೆಲಕ್ಕೆ ಬಂದು ಮುಟ್ಟುತ್ತವೆ. ಚಾಚಿದ ಅಂಗೈಯ ಮೂಲಕ ನಿಮಿಷಕ್ಕೆ ನೂರರ ಆಸುಪಾಸು ಹಾದುಹೋಗುತ್ತವೆ. ವೇಗವಾಗಿ ಓಡುವ ಕಣದ ಗಡಿಯಾರ ನಮ್ಮದಕ್ಕಿಂತ ನಿಧಾನ ನಡೆಯುವುದರಿಂದ ಹೀಗಾಗುತ್ತದೆ. ಇಂಥ ಕಣಗಳ ಆಯುಷ್ಯವನ್ನು ಅಳೆದರೆ ಐನ್‌ಸ್ಟೈನರ ಸಾಪೇಕ್ಷತೆಗೆ ನೇರ ಪುರಾವೆ ಸಿಗುತ್ತದೆ ಎಂದು 1938ರಲ್ಲಿ ಸೂಚಿಸಿದವರು ಹೋಮಿ ಭಾಭಾ. ಮರುವರ್ಷ ರಜೆಗೆಂದು ಊರಿಗೆ ಬಂದ ಅವರು ಮಹಾಯುದ್ಧದ ದೆಸೆಯಿಂದ ಇಲ್ಲೇ ಉಳಿದು, ಮಲ್ಲೇಶ್ವರದ ಪಕ್ಕದ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ (ಭಾರತೀಯ ವಿಜ್ಞಾನ ಸಂಸ್ಥೆ) ವಿಶ್ವಕಿರಣಗಳ ಸಂಶೋಧನೆಗೆ ತೊಡಗಿದರು. ಆ ಅಳತೆಯನ್ನು ಬ್ರೂನೊ ರೋಸಿ ಮತ್ತು ಡೇವಿಡ್ ಹಾಲ್ 1941ರಲ್ಲಿ ಅಮೆರಿಕದಲ್ಲಿ ಮಾಡಿ ತೋರಿಸಿದರು.

ತೊಡಕಿರುವುದು ಹಿಂದಕ್ಕೆ ಬರುವುದರಲ್ಲಿ. ಇಲ್ಲಿ ತಿಳಿದವರು ಒಂದು ಆಕ್ಷೇಪ ಎತ್ತಬಹುದು: 1949ರಲ್ಲಿ ಕರ್ಟ್ ಗೋಡೆಲ್ ಐನ್‌ಸ್ಟೈನರ ಸಮೀಕರಣಗಳಿಂದಲೇ, ಹೊರಟವನು ತನ್ನ ಭೂತಕಾಲಕ್ಕೆ ಮರಳಬಹುದಾದ ಒಂದು ವಿಶ್ವವನ್ನು ಕಟ್ಟಿ ತೋರಿಸಲಿಲ್ಲವೇ? ತೋರಿಸಿದ್ದು ನಿಜ. ಆದರೆ ಅದು ಇಡಿಯಾಗಿ ಗಿರಗಿರನೆ ತಿರುಗುವ ವಿಶ್ವ. ನಮ್ಮದು ಹಾಗೆ ತಿರುಗುತ್ತಿರುವ ಕುರುಹು ಇಲ್ಲ. ಭೂತಕಾಲದ ಬಾಗಿಲು ತೆರೆಯದಂತೆ ಭೌತನಿಯಮಗಳೇ ಕಾವಲಿರುತ್ತವೆ ಎಂದು 1992ರಲ್ಲಿ ಸ್ಟೀಫನ್ ಹಾಕಿಂಗ್ ಊಹಿಸಿದರು. ಅದು ಇನ್ನೂ ಸಾಬೀತಾಗದ ಊಹೆ. ವಾದಕ್ಕೆ ಗೋಡೆಲರನ್ನೇ ಗೆಲ್ಲಿಸೋಣ. ಆಗಲೂ ಕೇಜ್‌ಗೆ ಲಾಭವಿಲ್ಲ, ಏಕೆಂದರೆ ಅವನು ಪ್ರಯಾಣವನ್ನೇ ಮಾಡುವುದಿಲ್ಲ. ಅವನು ಕೂತಲ್ಲೇ ಇಡೀ ಜಗತ್ತು ನಿನ್ನೆಗೆ ಮರಳುತ್ತದೆ: ಒಡೆದ ವಿಮಾನ ಕೂಡಿಕೊಳ್ಳುತ್ತದೆ, ಸುಟ್ಟ ಸಿಡಿಮದ್ದು ಮತ್ತೆ ಮದ್ದಾಗುತ್ತದೆ, ಅವನ ಗಾಯಗಳೂ ಮಾಯ. ಅವನ ನೆನಪು ಮಾತ್ರ ಮರಳುವುದಿಲ್ಲ. ನೆನಪೆಂದರೆ ಗಾಳಿಯಲ್ಲಿ ತೇಲುವ ವಸ್ತುವಲ್ಲ. ಮಿದುಳಿನ ನರಕೋಶಗಳ ನಡುವಿನ ಬೆಸುಗೆಗಳಲ್ಲಿ ಆದ ಬದಲಾವಣೆ ಅದು. ಗಾಯ ಎಷ್ಟು ಭೌತಿಕವೋ ನೆನಪೂ ಅಷ್ಟೇ ಭೌತಿಕ. ಮಾಹಿತಿಯನ್ನು ಅಳಿಸುವುದಕ್ಕೂ ಶಾಖದ ಲೆಕ್ಕದಲ್ಲಿ ಬೆಲೆ ತೆರಲೇಬೇಕೆಂದು ರಾಲ್ಫ್ ಲ್ಯಾಂಡವರ್ 1961ರಲ್ಲೇ ತೋರಿಸಿದ್ದರು. ಇಡೀ ಲೋಕದ ಎಂಟ್ರೊಪಿ, ಅಂದರೆ ಅವ್ಯವಸ್ಥೆಯ ಅಳತೆ, ಇಳಿದು ಒಬ್ಬನ ತಲೆಯೊಳಗಿನ ಒಂದೂವರೆ ಕಿಲೋ ಮಾತ್ರ ವಿನಾಯಿತಿ ಪಡೆಯಬೇಕೆಂದರೆ, ಉಷ್ಣಗತಿಯ ಎರಡನೇ ನಿಯಮ ಮುರಿದರೆ ಸಾಲದು, ನಾಯಕನ ಮುಖ ನೋಡಿ ಮುರಿಯಬೇಕು. ಚಿತ್ರದೊಳಗೇ ಲೆಕ್ಕ ತಪ್ಪಿದೆ ಎನ್ನಿ: ದಂಡೆಯಲ್ಲಿ ಆದ ಗಾಯವನ್ನು ಅಳಿಸುವ ಕಾಲದ ಮರಳಿಕೆ, ಅದೇ ಗಳಿಗೆಯಲ್ಲಿ ಮೈಸೇರಿದ ರಕ್ತವನ್ನು ಮಾತ್ರ ಅಳಿಸದೆ ಬಿಡುತ್ತದೆ.

ಈ ಲೆಕ್ಕತಪ್ಪೇ ಕುತೂಹಲದ್ದು. ನೆನಪನ್ನು ಕಾಪಾಡುವ ಕೆಲಸವನ್ನು ಕಥೆಗಾರರು ಯಾವುದೋ ಯಂತ್ರಕ್ಕೆ ಕೊಡಬಹುದಿತ್ತು, ರಕ್ತಕ್ಕೆ ಕೊಟ್ಟರು. ಕೇಜ್‌ಗೆ ಯುದ್ಧ ಕಲಿಸುವ ರೀಟಾಗೂ ಹಿಂದೊಮ್ಮೆ ಆ ಶಕ್ತಿಯಿತ್ತು. ಆಸ್ಪತ್ರೆಯಲ್ಲಿ ಬೇರೆಯವರ ರಕ್ತ ಕೊಟ್ಟ ಕೂಡಲೇ ಅದು ಹೋಯಿತು. ಶತ್ರುವಿನ ಒಂದಂಶ ಒಳಸೇರಿ, ರಕ್ತದಲ್ಲಿ ನೆನಪಾಗಿ ನಿಂತು, ಮುಂದಿನ ಯುದ್ಧವನ್ನು ಮೊದಲೇ ನೋಡಿದವರಂತೆ ಎದುರಿಸುವುದು: ಇದಕ್ಕೆ ನಮ್ಮಲ್ಲಿ ಹೆಸರಿದೆ, ಲಸಿಕೆ. ಹೋಲಿಕೆ ಇಲ್ಲಿಗೇ ನಿಲ್ಲುವುದಿಲ್ಲ. ಹೊಸ ರೋಗಾಣು ಮೈಹೊಕ್ಕಾಗ ದುಗ್ಧಗ್ರಂಥಿಗಳೊಳಗೆ ಏನು ನಡೆಯುತ್ತದೆ ನೋಡಿ. ಕಂಕುಳಲ್ಲೋ ತೊಡೆಸಂದಿಯಲ್ಲೋ ಗಂಟು ಊದಿ ನೋಯುತ್ತದಲ್ಲ, ಅದು ಒಳಗೆ ಪಾಠಶಾಲೆ ತೆರೆದ ಗುರುತು. ರೋಗಾಣುವನ್ನು ಅರೆಬರೆ ಹಿಡಿಯಬಲ್ಲ ಬಿ ಕೋಶಗಳೆಂಬ ಕೆಲವು ಬಿಳಿ ರಕ್ತಕಣಗಳು ಅಲ್ಲಿ ಸೇರಿ ಬಿರುಸಾಗಿ ಒಡೆದು ಮರಿಯಾಗುತ್ತವೆ. ಒಡೆಯುವಾಗ ಪ್ರತಿಕಾಯ ತಯಾರಿಸುವ ಜೀನುಗಳಲ್ಲಿ ಬೇಕೆಂದೇ ತಪ್ಪು ಮಾಡುತ್ತವೆ, ಅದೂ ಮಾಮೂಲಿಗಿಂತ ಸುಮಾರು ಹತ್ತು ಲಕ್ಷ ಪಟ್ಟು ಹೆಚ್ಚಿನ ಪ್ರಮಾಣದಲ್ಲಿ. ಆಮೇಲೆ ಪರೀಕ್ಷೆ. ಶತ್ರುವಿನ ತುಣುಕನ್ನು ಮೊದಲಿಗಿಂತ ಬಿಗಿಯಾಗಿ ಹಿಡಿದ ಕೋಶಕ್ಕೆ ಬದುಕು, ಉಳಿದವಕ್ಕೆ ಸಾವು. ಬದುಕಿದವು ಮತ್ತೆ ಹಳೆಯ ಕೋಣೆಗೆ ಮರಳಿ ಒಡೆದು, ಮತ್ತೆ ತಪ್ಪು ಮಾಡಿ, ಮತ್ತೆ ಪರೀಕ್ಷೆಗೆ ಬರುತ್ತವೆ. ದಿನಗಟ್ಟಲೆ, ವಾರಗಟ್ಟಲೆ ಈ ಸುತ್ತು. ಕೊನೆಗೆ ಉಳಿದವುಗಳಲ್ಲಿ ಕೆಲವು ನೆನಪಿನ ಕೋಶಗಳಾಗಿ ವರ್ಷಾನುಗಟ್ಟಲೆ ತಿರುಗಾಡಿಕೊಂಡಿರುತ್ತವೆ. ಸಾಯಿ, ಏಳು, ಇನ್ನೊಂದು ಹೆಜ್ಜೆ ಮುಂದೆ ಹೋಗಿ ಸಾಯಿ ಎಂಬ ಕೇಜ್‌ನ ದಿನಚರಿ ಇದೇ ಅಲ್ಲವೇ?

ಒಂದು ವ್ಯತ್ಯಾಸ ಮಾತ್ರ ಮುಖ್ಯವಾದದ್ದು, ಈ ಅಧ್ಯಾಯದ ವಾದವೆಲ್ಲ ಅದರ ಮೇಲೆ ನಿಂತಿದೆ. ಚಿತ್ರದಲ್ಲಿ ಒಬ್ಬನೇ ಸಾವಿರ ಸಲ ಸಾಯುತ್ತಾನೆ, ಆದ್ದರಿಂದ ಕಥೆಗೆ ಕಾಲವನ್ನು ಹಿಂದೆ ತಿರುಗಿಸುವ ಮಾಟ ಬೇಕಾಯಿತು. ದೇಹದಲ್ಲಿ ಸಾವಿರಾರು ಕೋಶಗಳು ಒಂದೊಂದು ಸಲ ಸಾಯುತ್ತವೆ; ಕಾಲವನ್ನು ಮುಟ್ಟಬೇಕಾಗಿಯೇ ಇಲ್ಲ. ನಾಯಕನೊಬ್ಬನ ಪುನರ್ಜನ್ಮಗಳನ್ನು ಸಾಲಾಗಿ ಜೋಡಿಸುವ ಬದಲು ಪ್ರಕೃತಿ ಅನಾಮಿಕರ ಸಾವುಗಳನ್ನು ಅಕ್ಕಪಕ್ಕ ಜೋಡಿಸುತ್ತದೆ. ಫಲ ಒಂದೇ, ಬಿಲ್ಲು ಬೇರೆ: ಕೇಜ್‌ನ ಸಾವುಗಳೆಲ್ಲ ಬೆಳಿಗ್ಗೆಗೆ ರದ್ದಾಗುತ್ತವೆ, ಇವು ರದ್ದಾಗುವುದಿಲ್ಲ. ‘ನೆನಪೆಂದರೆ ಕಳೆದುದರದ್ದು, ಇನ್ನೂ ಬಾರದ ಶತ್ರುವಿನದ್ದಲ್ಲವಲ್ಲ’ ಎನ್ನುವವರಿಗೂ ಇಲ್ಲೇ ಉತ್ತರವಿದೆ. ಕೆಲವೇ ನೂರು ಜೀನು ತುಣುಕುಗಳನ್ನು ಇಸ್ಪೀಟಿನ ಎಲೆಗಳಂತೆ ಕಲಸಿ, ದೇಹ ಯಾವ ರೋಗ ಬರುವ ಮೊದಲೇ ಕೋಟಿಗಟ್ಟಲೆ ನಮೂನೆಯ ಪ್ರತಿಕಾಯಗಳಿಗೆ ಸಿದ್ಧವಾಗಿರುತ್ತದೆ. ಇದನ್ನು ಕಂಡುಹಿಡಿದ ಸುಸುಮು ತೊನೆಗಾವಾ ಅವರಿಗೆ 1987ರ ನೊಬೆಲ್ ಬಂತು. ಪ್ರತಿಕಾಯ ನೋಡುವುದು ಎದುರಿನ ಅಣುವಿನ ಆಕಾರವನ್ನು, ಅದರ ಊರನ್ನಲ್ಲ. ಮಂಗಳ ಗ್ರಹದ ಅಣುವಿಗೂ ಸರಿಹೊಂದುವ ಬೀಗದ ಕೈ ನಮ್ಮ ಗೊಂಚಲಲ್ಲಿ ಈಗಾಗಲೇ ಇರಬಹುದು. ಹಾಗೆಂದು ಭರವಸೆ ಇಟ್ಟು ಕೂರುವಂತೆಯೂ ಇಲ್ಲ. 1969ರಲ್ಲಿ ಚಂದ್ರನಿಂದ ಮರಳಿದ ಅಪೊಲೊ 11ರ ಮೂವರನ್ನು ಸುಮಾರು ಮೂರು ವಾರ ಕ್ವಾರಂಟೈನಿನಲ್ಲಿ ಇಟ್ಟದ್ದು ಈ ಗುಮಾನಿಯಿಂದಲೇ.

ಅನ್ಯಗ್ರಹದ ದಾಳಿಯ ಕಥೆಗಳಿಗೆ ಮೂಲಪುರುಷ ಎಚ್. ಜಿ. ವೆಲ್ಸ್. 1895ರಲ್ಲಿ ಕಾಲಯಂತ್ರದ ಕಾದಂಬರಿ ಬರೆದವರೂ ಅವರೇ. ಮಂಗಳವಾಸಿಗಳು ಇಂಗ್ಲೆಂಡಿನ ಮೇಲೆ ಬೀಳುವ ‘ದ ವಾರ್ ಆಫ್ ದ ವರ್ಲ್ಡ್ಸ್’ ಪುಸ್ತಕವಾಗಿ ಬಂದದ್ದು 1898ರಲ್ಲಿ. ತೋಪುಗಳಿಗೆ ಬಗ್ಗದ ಆ ದಾಳಿಕೋರರು ಕೊನೆಗೆ ಭೂಮಿಯ ಸೂಕ್ಷ್ಮಾಣುಗಳಿಗೆ ಬಲಿಯಾಗುತ್ತಾರೆ. ಮನುಷ್ಯನಿಗೆ ಅವುಗಳ ವಿರುದ್ಧ ಇರುವ ಶಕ್ತಿ ಪುಕ್ಕಟೆ ಸಿಕ್ಕಿದ್ದಲ್ಲ, ಲೆಕ್ಕವಿಲ್ಲದ ಪೂರ್ವಜರ ಸಾವು ಕೊಟ್ಟು ಕೊಂಡದ್ದು ಎಂಬುದನ್ನು ವೆಲ್ಸ್ ಆಗಲೇ ಗ್ರಹಿಸಿದ್ದರು. ಹಾಲಿವುಡ್ಡು ನೂರು ವರ್ಷಗಳ ನಂತರ ಈ ಬೆಲೆಯನ್ನೇ ಕಥೆಯಿಂದ ಕತ್ತರಿಸಿತು. ವೆಲ್ಸ್‌ರ ಪುಸ್ತಕ ಬಂದ ವರ್ಷದ ಆಗಸ್ಟಿನಲ್ಲೇ, ರೈಲಿನ ಹಾದಿ ಹಿಡಿದು ಉತ್ತರದಿಂದ ಪ್ಲೇಗು ಬೆಂಗಳೂರಿಗೆ ಇಳಿಯಿತು. ಚಿಕ್ಕಪೇಟೆ, ಬಳೇಪೇಟೆಗಳ ಇಕ್ಕಟ್ಟು ಓಣಿಗಳಲ್ಲಿ ಅದಕ್ಕೆ ಎದುರೇ ಇರಲಿಲ್ಲ. ರೋಗದ ಬ್ಯಾಕ್ಟೀರಿಯವನ್ನು ಅಲೆಕ್ಸಾಂಡರ್ ಯೆರ್ಸಿನ್ 1894ರಲ್ಲೇ ಹಾಂಗ್‌ಕಾಂಗಿನಲ್ಲಿ ಗುರುತಿಸಿದ್ದರೂ, ಅದು ಬರುವ ದಾರಿ ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇಲಿಯಿಂದ ಮನುಷ್ಯನಿಗೆ ಅದನ್ನು ಸಾಗಿಸುವುದು ಚಿಗಟ ಎಂದು ಪಾಲ್ ಲೂಯಿ ಸಿಮಾಂ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದ್ದು ಅದೇ 1898ರ ಜೂನಿನಲ್ಲಿ, ಬೆಂಗಳೂರಿಗೆ ರೋಗ ಕಾಲಿಡುವ ಎರಡು ತಿಂಗಳು ಮೊದಲು. ಅವರ ಮಾತನ್ನು ಹೆಚ್ಚಿನವರು ನಂಬಲಿಲ್ಲ. 1905ರ ನಂತರ ಭಾರತದಲ್ಲೇ ಕೆಲಸ ಮಾಡಿದ ಪ್ಲೇಗ್ ಆಯೋಗದ ಪ್ರಯೋಗಗಳು ಬರುವ ತನಕ ಅದು ಮೂಲೆಯಲ್ಲೇ ಬಿದ್ದಿತ್ತು. ಹೀಗಾಗಿ ಬೆಂಗಳೂರು ಶತ್ರುವಿನ ಮುಖ ನೋಡದೆ ಯುದ್ಧಕ್ಕಿಳಿಯಿತು: ಮನೆಗಳಿಗೆ ಸುಣ್ಣ ಹೊಡೆದರು, ಔಷಧ ಸುರಿದರು, ಜನರನ್ನು ಶಿಬಿರಗಳಿಗೆ ಸಾಗಿಸಿದರು, ಇಲಿ ತನ್ನ ಪಾಡಿಗೆ ಪಕ್ಕದ ಮನೆಗೆ ಹೋಯಿತು. ಪ್ಲೇಗ್ ನಿಯಂತ್ರಣದ ಕೆಲಸಕ್ಕೆಂದು ಊರಿಗೆ ಟೆಲಿಫೋನ್ ತಂತಿ ಎಳೆದರು. ಪೇಟೆಯ ಜನ ಪ್ಲೇಗಿನ ಮಾರಮ್ಮನಿಗೆ ಗುಡಿ ಕಟ್ಟಿದರು.

ಆದರೆ ಜನರ ಬಳಿ ಒಂದು ಹಳೆಯ ನೆನಪಿತ್ತು. ಇಲಿ ಬಿದ್ದರೆ ಊರು ಬಿಡು. ಯು. ಆರ್. ಅನಂತಮೂರ್ತಿ ಅವರ ‘ಸಂಸ್ಕಾರ’ ಓದಿದವರಿಗೆ ಅಗ್ರಹಾರದಲ್ಲಿ ಇಲಿಗಳು ತೊಪತೊಪನೆ ಬಿದ್ದು ಸಾಯುವ ಚಿತ್ರ ಮರೆತಿರಲಾರದು. ಹೊಲದಲ್ಲಿ ಗುಡಿಸಲು ಹಾಕಿಕೊಂಡು ತಿಂಗಳೊಪ್ಪತ್ತು ಇರುವ ಆ ಪದ್ಧತಿಯ ಹಿಂದೆ ಚಿಗಟದ ತಿಳಿವಳಿಕೆ ಇರಲಿಲ್ಲ. ಹಿಂದೊಮ್ಮೆ ಉಳಿದವರು ಏನು ಮಾಡಿದ್ದರು ಎಂಬುದಷ್ಟೇ ಇತ್ತು, ಮತ್ತು ಅದು ಸರಕಾರದ ಸುಣ್ಣಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಬಡಾವಣೆಗಳ ಕಥೆಯೂ ಇದೇ ಜಾತಿಯದು. ಎಲ್ಲ ಹಳೆಯ ಬಡಾವಣೆಗಳನ್ನೂ ಪ್ಲೇಗಿನ ಲೆಕ್ಕಕ್ಕೆ ಬರೆಯುವ ರೂಢಿಯಿದೆ, ಅದು ಸರಿಯಲ್ಲ. ಚಾಮರಾಜಪೇಟೆ 1892ರದ್ದು, ಪ್ಲೇಗಿಗಿಂತ ಆರು ವರ್ಷ ಹಿರಿದು. ಮಲ್ಲೇಶ್ವರ, ಬಸವನಗುಡಿಗಳ ಯೋಜನೆಯೂ ಮೊದಲೇ ಮೊಳೆತಿತ್ತು. ಅದಕ್ಕೆ ಜೀವ, ವೇಗ, ಜನ ಮೂರನ್ನೂ ತಂದದ್ದು 1898. ಅಗಲವಾದ ನೇರ ರಸ್ತೆ, ಅವನ್ನು ಕತ್ತರಿಸುವ ಕ್ರಾಸುಗಳು, ಮನೆಗೂ ಮನೆಗೂ ನಡುವೆ ಜಾಗ, ಹಿತ್ತಿಲ ಬಾಗಿಲಿಗೆ ಕನ್ಸರ್ವೆನ್ಸಿ ಗಲ್ಲಿ. ಇದನ್ನೆಲ್ಲ ಎಳೆದವರ ತಲೆಯಲ್ಲಿದ್ದದ್ದು ಕೆಟ್ಟ ಗಾಳಿ, ಕತ್ತಲು, ಕೊಳಕು, ಚಿಗಟವಲ್ಲ. ಆದರೂ ಗಾಳಿ ಬೆಳಕಿನ ಹೆಸರಲ್ಲಿ ಬಿಟ್ಟ ಜಾಗ ಇಲಿಗೆ ಗೋಡೆಯಿಂದ ಗೋಡೆಗೆ ಹಾರುವ ಅನುಕೂಲ ತಪ್ಪಿಸಿತು. ತಪ್ಪು ಕಾರಣಕ್ಕೆ ಮಾಡಿದ ಸರಿ ಕೆಲಸ. ಬಿ ಕೋಶದ ಜೀನೂ ಹೀಗೇ ಕುರುಡಾಗಿ ಬದಲಾಗುತ್ತದೆ. ಯಾವ ಬದಲಾವಣೆ ಉಳಿಯಬೇಕೆಂಬುದನ್ನು ಪರೀಕ್ಷೆ ಹೇಳುತ್ತದೆ, ಉದ್ದೇಶ ಹೇಳುವುದಿಲ್ಲ.

ಇಲ್ಲಿ ಗಟ್ಟಿಯಾದ ಎರಡು ಆಕ್ಷೇಪಗಳು ಬರುತ್ತವೆ. ಒಂದು, ಪ್ಲೇಗನ್ನು ಗೆದ್ದದ್ದು ಲಸಿಕೆಯಲ್ಲ ಎಂಬುದು. ವಾಲ್ಡೆಮಾರ್ ಹಾಫ್ಕಿನ್ ಶಾಖದಿಂದ ಕೊಂದ ಪ್ಲೇಗ್ ಬ್ಯಾಕ್ಟೀರಿಯಗಳನ್ನು 1897ರ ಜನವರಿ 10ರಂದು ಮುಂಬಯಿಯಲ್ಲಿ ಮೊದಲು ತಮ್ಮ ಮೈಗೇ ಚುಚ್ಚಿಕೊಂಡರು. ಸತ್ತ ಶತ್ರುವಿನ ರಕ್ತದಲ್ಲಿ ಮಿಂದ ಕೇಜ್‌ಗೆ ಅವರಷ್ಟು ಹತ್ತಿರದ ನೆಂಟ ಇನ್ನೊಬ್ಬನಿಲ್ಲ. ಆದರೆ ಆ ಲಸಿಕೆಯ ರಕ್ಷಣೆ ಅರೆಬರೆ, ಬಾಳಿಕೆ ಕಡಿಮೆ. 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಹಳ್ಳಿಯಲ್ಲಿ ಒಂದು ಸೀಸೆಗೆ ಧನುರ್ವಾಯುವಿನ ಸೋಂಕು ತಗಲಿ 19 ಜನ ಸತ್ತರು; ಹಾಫ್ಕಿನ್ ತಪ್ಪಿತಸ್ಥರೆನಿಸಿ, ನಿರ್ದೋಷಿ ಎನಿಸಿಕೊಳ್ಳುವ ಹೊತ್ತಿಗೆ 1907 ಆಗಿತ್ತು. ಪ್ಲೇಗು ದಶಕಗಳ ಕಾಲ ಮರಳಿ ಮರಳಿ ಬಂತು. ಡಿಡಿಟಿ, ಸ್ಟ್ರೆಪ್ಟೊಮೈಸಿನ್ ಬಂದ ಮೇಲಷ್ಟೇ ಹಲ್ಲು ಕಳೆದುಕೊಂಡಿತು. ಇದೆಲ್ಲ ಸರಿ, ಮತ್ತು ಇದು ವಾದವನ್ನು ಕೆಡವುವ ಬದಲು ಬಲಪಡಿಸುತ್ತದೆ. ಚಿತ್ರದಲ್ಲೂ ಮೊದಲ ದಿನದ ಪಾಠ ಮೂರು ಹೆಜ್ಜೆಗೆ ಸಾಕಾಗುತ್ತದೆ, ನಾಲ್ಕನೆಯದರಲ್ಲಿ ಸಾವು. ಹಾಫ್ಕಿನ್ ಲಸಿಕೆ, ಸಿಮಾಂ ಚಿಗಟ, ಬಡಾವಣೆಯ ಗಲ್ಲಿ, ಸ್ಟ್ರೆಪ್ಟೊಮೈಸಿನ್, ಇವೆಲ್ಲ ಒಂದೊಂದು ಸುತ್ತಿನಲ್ಲಿ ಗಳಿಸಿದ ಒಂದೊಂದು ಹೆಜ್ಜೆ. ನಗರಕ್ಕೆ ಪಾಠ ಹೇಳಲು ಹಿಂದಿನ ಸುತ್ತಿನ ಜನ ಉಳಿದಿರುವುದಿಲ್ಲ ಎಂಬುದೊಂದೇ ಕಷ್ಟ.

ಎರಡನೆಯ ಆಕ್ಷೇಪಕ್ಕೆ ಅಷ್ಟು ಸಲೀಸಾದ ಉತ್ತರವಿಲ್ಲ. ದೇಹದ ಕೋಶಗಳೆಲ್ಲ ಒಂದೇ ದೇಹದವು; ಒಂದು ಸತ್ತು ಇನ್ನೊಂದು ಉಳಿದರೆ ಅನ್ಯಾಯವೆನ್ನುವಂತಿಲ್ಲ. ಊರು ಹಾಗಲ್ಲ. ಪೇಟೆಯಲ್ಲಿ ಸತ್ತವರ ಅನುಭವದಿಂದ ಮಲ್ಲೇಶ್ವರದಲ್ಲಿ ನಿವೇಶನ ಸಿಕ್ಕವರು ಬದುಕಿದರು. ನಿವೇಶನ ಕೊಳ್ಳಲಾಗದವರು ಅದೇ ಓಣಿಯಲ್ಲಿ ಉಳಿದರು. ಹಿತ್ತಿಲ ಕನ್ಸರ್ವೆನ್ಸಿ ಗಲ್ಲಿಯನ್ನು ಬಿಟ್ಟದ್ದೇ ಮಲ ಹೊರುವವರು ಮುಂಬಾಗಿಲ ಕಡೆ ಬಾರದಿರಲೆಂದು. ರೋಗ ಕಲಿಸಿದ ಪಾಠವನ್ನೂ ಜಾತಿಯ ಅಕ್ಷರದಲ್ಲೇ ಬರೆದುಕೊಂಡೆವು. ರೋಗದ ಎದುರು ನಿಂತವರಲ್ಲೂ ಜಾತಿಯ ಪೆಟ್ಟು ತಿಂದವರಿದ್ದರು: ಈಳವ ಜಾತಿಯಲ್ಲಿ ಹುಟ್ಟಿದ ಕಾರಣಕ್ಕೆ ತಿರುವಾಂಕೂರು ಸಂಸ್ಥಾನ ಕೆಲಸ ಕೊಡದ ಡಾ. ಪಲ್ಪು ಮೈಸೂರು ಸರಕಾರದ ಸೇವೆಗೆ ಸೇರಿ, ಬೆಂಗಳೂರಿನಲ್ಲಿ ಸಿಡುಬಿನ ಲಸಿಕೆ ತಯಾರಿಸುವ ಸಂಸ್ಥೆಯನ್ನು ನೋಡಿಕೊಂಡರು. 1898ರಲ್ಲಿ ಪ್ರಾಣದ ಹಂಗು ತೊರೆದು ಪ್ಲೇಗ್ ರೋಗಿಗಳ ನಡುವೆ ಇದ್ದವರಲ್ಲಿ ಅವರೂ ಒಬ್ಬರು. ಹಾಗಾಗಿ ನಗರವನ್ನು ದೇಹಕ್ಕೆ ಹೋಲಿಸುವುದರಲ್ಲಿ ಒಂದು ಸೋಗು ಇದೆ ಎಂದು ಒಪ್ಪಬೇಕು. ಹೋಲಿಕೆ ಕಲಿಕೆಯ ವಿಧಾನವನ್ನು ವಿವರಿಸುತ್ತದೆ, ಬೆಲೆ ಯಾರು ತೆತ್ತರು ಎಂಬುದನ್ನು ವಿವರಿಸುವುದಿಲ್ಲ. ಚಿತ್ರ ಜನಕ್ಕೆ ಹಿಡಿಸಿದ್ದಕ್ಕೂ ಬಹುಶಃ ಇದೇ ಕಾರಣ: ಅಲ್ಲಿ ಕಲಿಯುವವನೂ ಸಾಯುವವನೂ ಒಬ್ಬನೇ, ಅದೂ ಹೆಸರಾಂತ ನಟ, ಕೊನೆಗೆ ಅವನು ನಗುತ್ತಾನೆ.

ಈಗ ಕನ್ಸರ್ವೆನ್ಸಿ ಗಲ್ಲಿಗಳು ಹಲವೆಡೆ ಪಕ್ಕದ ಮನೆಗಳ ಪಾಲಾಗಿವೆ, ಕಾಂಪೌಂಡುಗಳ ನಡುವಿನ ಜಾಗದಲ್ಲಿ ಅಪಾರ್ಟ್‌ಮೆಂಟುಗಳು ಎದ್ದಿವೆ. ರಸ್ತೆಗಳು ಏಕೆ ಇಷ್ಟು ಅಗಲ ಎಂದು ಕೇಳಿದರೆ ಪಾರ್ಕಿಂಗಿಗೆ ಎನ್ನುವ ತಲೆಮಾರು ಬಂದಿದೆ. ಪ್ಲೇಗು ಹೋಗಿಬಿಟ್ಟಿಲ್ಲ: 1994ರಲ್ಲಿ ಸೂರತ್, 2002ರಲ್ಲಿ ಹಿಮಾಚಲ ಪ್ರದೇಶ, 2004ರಲ್ಲಿ ಉತ್ತರಕಾಶಿ. ಕರ್ನಾಟಕ, ಆಂಧ್ರ, ತಮಿಳುನಾಡು ಸೇರುವ ಕೋಲಾರದ ಕಡೆಯ ಸೀಮೆ ಅದರ ಹಳೆಯ ಬೀಡುಗಳಲ್ಲಿ ಒಂದು. ಆ ಸೀಮೆಯ ಮೇಲೆ ಕಣ್ಣಿಡಲೆಂದೇ ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರದ ಪ್ಲೇಗ್ ನಿಗಾ ಘಟಕ ಬೆಂಗಳೂರಿನಲ್ಲಿದೆ. ಇಂಥ ನಿಗಾ ಕೆಲಸದಲ್ಲಿ ಇಲಿ, ಹೆಗ್ಗಣ, ನಾಯಿಗಳ ರಕ್ತ ತೆಗೆದು, ಅದರಲ್ಲಿ ಪ್ಲೇಗಿನ ವಿರುದ್ಧದ ಪ್ರತಿಕಾಯ ಇದೆಯೇ ಎಂದು ಪರೀಕ್ಷಿಸುತ್ತಾರೆ. ಪ್ರತಿಕಾಯ ಸಿಕ್ಕಿದರೆ, ಮನುಷ್ಯರಿಗೆ ಇನ್ನೂ ಸುದ್ದಿ ಮುಟ್ಟದ ಯುದ್ಧವೊಂದು ಆ ಪ್ರಾಣಿಯ ಮೈಯಲ್ಲಿ ಆಗಲೇ ನಡೆದಿದೆ ಎಂದು ಅರ್ಥ.